ಮೊಹಮ್ಮದ್ ಅಲಿ ರೋಡಿನಲ್ಲಿ ಗಂಟೆಗೆ 91 ಕಿಲೋಮೀಟರ್

ಪ್ರಶ್ನೆ: ನಾನಿರುವುದು ಮುಲುಂಡ್ ಪಶ್ಚಿಮದಲ್ಲಿ. ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ನಾವು ನಾಲ್ಕೈದು ಮಂದಿ ಕನ್ನಡದ ಗೆಳೆಯರು ಸೈಕಲ್ ಹತ್ತುತ್ತೇವೆ. ಎಲ್‌ಬಿಎಸ್ ಮಾರ್ಗ ಹಿಡಿದು ಸಯಾನ್, ಮಾಟುಂಗ, ಬೈಕಲಾ, ಮೊಹಮ್ಮದ್ ಅಲಿ ರೋಡ್ ದಾಟಿ ಮರೀನ್ ಡ್ರೈವ್ ತನಕ ಹೋಗಿ, ಬರುವಾಗ ಮಾಟುಂಗದಲ್ಲಿ ಇಡ್ಲಿ ತಿಂದು ಮನೆ ಸೇರುತ್ತೇವೆ. ಕಳೆದ ವಾರ ನನ್ನ ಫಿಟ್ನೆಸ್ ವಾಚ್ 70.9 ಕಿಲೋಮೀಟರ್ ತೋರಿಸಿತು. ಪಕ್ಕದಲ್ಲೇ ಬಂದ ಗೆಳೆಯರ ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್‌ನಲ್ಲಿ 66.8. ನನ್ನ ಗರಿಷ್ಠ ವೇಗ ಗಂಟೆಗೆ 91 ಕಿಲೋಮೀಟರ್ ಅಂತೆ! ನರಿಮನ್ ಪಾಯಿಂಟ್ ದಾಟಿದ ಮೇಲೆ ನಕ್ಷೆಯಲ್ಲಿ ಗೆರೆ ಸಮುದ್ರದೊಳಗೆ ಹೋಗಿದೆ. ಏರಿದ ಎತ್ತರ 540 ಮೀಟರ್ ಎಂದಿದೆ. ಮುಂಬೈಯಲ್ಲಿ ಅಷ್ಟು ಏರು ಎಲ್ಲಿದೆ? ಥಾಣೆಯ ಯೇವೂರ್ ಗುಡ್ಡಕ್ಕೆ ಹೋದ ದಿನ ಮಾತ್ರ ಉಲ್ಟಾ, ದೂರದಲ್ಲಿ ಗೆಳೆಯರದ್ದಕ್ಕಿಂತ ನನ್ನದೇ 300 ಮೀಟರ್ ಕಡಿಮೆ. ಅವರು ಹಿಂದಿನ ಚಕ್ರದ ನಡುವೆ ಏನೋ ಸಣ್ಣ ಡಬ್ಬಿ ಕಟ್ಟಿಕೊಂಡಿದ್ದಾರೆ, ಉಳಿದಂತೆ ಇಬ್ಬರ ಸೈಕಲ್ಲೂ ಒಂದೇ ಥರದ್ದು. ವಾಚ್ ಸರಿಯಿದೆ ಅನ್ನುತ್ತಾರೆ ಅಂಗಡಿಯವರು. ಎರಡು ಫ್ರೀಕ್ವೆನ್ಸಿಯ ಹೊಸ ವಾಚ್ ತಗೊಳ್ಳಿ ಅನ್ನುತ್ತಾನೆ ಮಗ, ಬೆಲೆ 45 ಸಾವಿರ. ಡಿಸೆಂಬರಿನಲ್ಲಿ 200 ಕಿಲೋಮೀಟರಿನ ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಬೇರೆ ಇದೆ. ಏನು ಮಾಡಲಿ?

ಉತ್ತರ: ವಾಚ್ ಮಾರಬೇಡಿ. 45 ಸಾವಿರ ತೆಗೆದಿಡುವ ಮುಂಚೆ ನಿಮ್ಮ ಪತ್ರದಲ್ಲೇ ಇರುವ ಒಂದು ಸಾಲನ್ನು ಇನ್ನೊಮ್ಮೆ ಓದಿ: ಗೆಳೆಯರ ಹಿಂದಿನ ಚಕ್ರದ ನಡುವೆ ಕಟ್ಟಿರುವ ಸಣ್ಣ ಡಬ್ಬಿ. ನೀವು ‘ಉಳಿದಂತೆ ಒಂದೇ’ ಎಂದು ಬರೆದಿದ್ದೀರಿ, ಆದರೆ ವ್ಯತ್ಯಾಸವೆಲ್ಲ ಆ ಡಬ್ಬಿಯಲ್ಲಿದೆ. ಅದು ಸ್ಪೀಡ್ ಸೆನ್ಸರ್. ಅವರ ಕಂಪ್ಯೂಟರ್ ದೂರ ಅಳೆಯಲು ಉಪಗ್ರಹಗಳನ್ನು ಕೇಳುತ್ತಲೇ ಇಲ್ಲ, ಚಕ್ರ ಎಷ್ಟು ಸುತ್ತು ಉರುಳಿತು ಎಂದು ಎಣಿಸುತ್ತದೆ. ನಿಮ್ಮ ವಾಚ್ ಪ್ರತಿ ಮೀಟರಿಗೂ ಆಕಾಶವನ್ನೇ ಕೇಳಬೇಕು, ಅದೂ ಮುಂಬೈಯಲ್ಲಿ ಆಕಾಶ ಅತಿ ಕಡಿಮೆ ಕಾಣುವ ರಸ್ತೆಗಳಲ್ಲಿ.

ನನ್ನ ಹೊಟ್ಟೆಪಾಡು ಸರ್ವೆ ಕೆಲಸ. ರಸ್ತೆ, ಸೇತುವೆ, ಕಟ್ಟಡಗಳ ಜಾಗವನ್ನು ಉಪಗ್ರಹ ರಿಸೀವರ್ ಇಟ್ಟು ಸೆಂಟಿಮೀಟರ್ ಲೆಕ್ಕದಲ್ಲಿ ಗುರುತಿಸುವುದು. ಸೈಕಲ್ ತುಳಿಯುವುದು ನನ್ನದೂ ರೂಢಿ, ಹಾಗಾಗಿ ನಿಮ್ಮ ಪ್ರಶ್ನೆಯ ಎರಡೂ ತುದಿ ನನಗೆ ಗೊತ್ತು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ನಿಮ್ಮ ತೊಂದರೆ ಒಂದಲ್ಲ. ದೂರ, ವೇಗ, ದಾರಿ, ಎತ್ತರ ಎಂಬ ನಾಲ್ಕು ಬೇರೆ ಬೇರೆ ತಪ್ಪುಗಳು ಒಂದೇ ಫೈಲಿನಲ್ಲಿ ಕೂತಿವೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಿಗ್ನಲ್ ನಿಮ್ಮ ಮಣಿಕಟ್ಟು ಮುಟ್ಟುವಾಗ ಅದರ ಶಕ್ತಿ ಒಂದು ವ್ಯಾಟಿನ ಕೋಟಿ ಕೋಟಿಯ ಒಂದು ಪಾಲಿಗಿಂತಲೂ ಎಷ್ಟೋ ಕಡಿಮೆ. ಸಿಗ್ನಲ್ ಹೊರಟ ಸಮಯಕ್ಕೂ ಬಂದ ಸಮಯಕ್ಕೂ ಇರುವ ಅಂತರವೇ ವಾಚಿನ ಅಳತೆಗೋಲು. ಕನಿಷ್ಠ ನಾಲ್ಕು ಉಪಗ್ರಹಗಳಿಂದ ಹಾಗೆ ಅಳೆದರೆ ಜಾಗ ಸಿಗುತ್ತದೆ. ಬೆಳಕಿನ ವೇಗದಲ್ಲಿ ಬರುವ ಸಿಗ್ನಲ್ಲಾದ್ದರಿಂದ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ 300 ಮೀಟರ್ ತಪ್ಪಿದ ಹಾಗೆ. ಬಯಲಿನಲ್ಲಿ ಆಕಾಶ ತೆರೆದಿರುವಾಗ ಸಾಮಾನ್ಯ ಮೊಬೈಲ್ ಫೋನ್ ಐದು ಮೀಟರ್ ಸುತ್ತಿನೊಳಗೆ ಜಾಗ ಹೇಳುತ್ತದೆ. ಒಳ್ಳೆಯ ವಾಚೂ ಹೆಚ್ಚುಕಡಿಮೆ ಅಷ್ಟೇ. ಹೀಗೆ ಯೋಚಿಸಿದರೆ ಆ ಪುಟ್ಟ ಯಂತ್ರದ ಮೇಲೆ ಗೌರವ ಹುಟ್ಟುತ್ತದೆ.

ಐದು ಮೀಟರ್ ತಪ್ಪಿದರೆ ಏನು ಮಹಾ, ನಾಲ್ಕು ಕಿಲೋಮೀಟರ್ ಹೇಗೆ ಹೆಚ್ಚಾಯಿತು ಎಂದು ನೀವು ಕೇಳಬಹುದು. ಹನಿಹನಿ ಕೂಡಿದರೆ ಹಳ್ಳ. ನೀವು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತೀರಿ. ವಾಚ್ ಪ್ರತಿ ಸೆಕೆಂಡಿಗೂ ಒಂದು ಚುಕ್ಕಿ ಇಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಚುಕ್ಕಿ ರಸ್ತೆಯಿಂದ 3 ಮೀಟರ್ ಎಡಕ್ಕೆ ಬಿತ್ತು, ಮುಂದಿನದು 3 ಮೀಟರ್ ಬಲಕ್ಕೆ. ಎರಡನ್ನೂ ಸೇರಿಸುವ ಗೆರೆಯ ಉದ್ದ ಈಗ 7 ಮೀಟರ್ ಅಲ್ಲ, 9.2. ಎಡಕ್ಕೆ ಬಿದ್ದ ತಪ್ಪು ಬಲಕ್ಕೆ ಬಿದ್ದ ತಪ್ಪನ್ನು ಅಳಿಸುವುದಿಲ್ಲ. ಎರಡೂ ಉದ್ದಕ್ಕೇ ಸೇರುತ್ತವೆ, ಏಕೆಂದರೆ ದೂರಕ್ಕೆ ಮೈನಸ್ ಇಲ್ಲ. ವಾಚಿನೊಳಗಿನ ತಂತ್ರಾಂಶ ಗೆರೆಯನ್ನು ಸಾಕಷ್ಟು ನಯ ಮಾಡುತ್ತದೆ, ಇಲ್ಲದಿದ್ದರೆ ನಿಮ್ಮ 67 ಕಿಲೋಮೀಟರ್ 85 ಆಗಿಬಿಡುತ್ತಿತ್ತು. ಆದರೂ ಒಂದಿಷ್ಟು ಅಂಕುಡೊಂಕು ಉಳಿಯುತ್ತದೆ. ಸಿಗ್ನಲ್ಲಿನಲ್ಲಿ ಕಾಲೂರಿ ನಿಂತಾಗಲೂ ಚುಕ್ಕಿ ನಿಲ್ಲುವುದಿಲ್ಲ. ಮಾಟುಂಗದಲ್ಲಿ ಇಡ್ಲಿ ತಿನ್ನುವ ಹೊತ್ತಿನ ಗೆರೆಯನ್ನು ನಕ್ಷೆಯಲ್ಲಿ ದೊಡ್ಡದು ಮಾಡಿ ನೋಡಿ, ಹಕ್ಕಿ ಗೂಡು ಕಟ್ಟಿದ ಹಾಗೆ ಕಾಣುತ್ತದೆ. ಹೋಟೆಲಿನ ಮಾಡಿನ ಕೆಳಗೆ ಕೂತಿದ್ದಿರಿ, ವಾಚ್ ಮಾತ್ರ ಬೀದಿ ತುಂಬ ಓಡಾಡಿದೆ.

ಯೇವೂರಿನಲ್ಲಿ ಉಲ್ಟಾ ಆದದ್ದಕ್ಕೂ ಕಾರಣ ಇದೇ ಲೆಕ್ಕದಲ್ಲಿದೆ. ಬ್ಯಾಟರಿ, ಮೆಮೊರಿ ಉಳಿಸಲು ಎಷ್ಟೋ ವಾಚ್‌ಗಳು ‘ಸ್ಮಾರ್ಟ್’ ರೆಕಾರ್ಡಿಂಗ್ ಎಂಬ ಹೆಸರಿನಲ್ಲಿ ಕೆಲವು ಸೆಕೆಂಡಿಗೊಮ್ಮೆ ಮಾತ್ರ ಚುಕ್ಕಿ ಬರೆಯುತ್ತವೆ. ನೇರ ರಸ್ತೆಯಲ್ಲಿ ಅದರಿಂದ ನಷ್ಟವಿಲ್ಲ. ಗುಡ್ಡದ ತಿರುವಿನಲ್ಲಿ ಇದೆ. 15 ಮೀಟರ್ ತ್ರಿಜ್ಯದ ಒಂದು ಪೂರ್ತಿ ಯು ತಿರುವು ಅಂದರೆ 47 ಮೀಟರ್ ರಸ್ತೆ. ಅದರ ಈ ತುದಿಗೊಂದು ಆ ತುದಿಗೊಂದು ಚುಕ್ಕಿ ಬಿದ್ದರೆ ವಾಚ್ ನೇರ ಗೆರೆ ಎಳೆದು 30 ಮೀಟರ್ ಅನ್ನುತ್ತದೆ. ಒಂದೇ ತಿರುವಿನಲ್ಲಿ 17 ಮೀಟರ್ ಹೋಯಿತು. ಮರದ ನೆರಳಿನಲ್ಲಿ ಸಿಗ್ನಲ್ ಕ್ಷೀಣಿಸಿ ಚುಕ್ಕಿಗಳು ಇನ್ನಷ್ಟು ವಿರಳವಾಗಿದ್ದಿರಬೇಕು. ನಗರದ ನೇರ ರಸ್ತೆಯಲ್ಲಿ ವಾಚ್ ಹೆಚ್ಚು ಹೇಳುತ್ತದೆ, ಘಾಟಿನ ತಿರುವಿನಲ್ಲಿ ಕಡಿಮೆ ಹೇಳುತ್ತದೆ. ಒಂದೇ ಫೈಲಿನಲ್ಲಿ ಇವೆರಡೂ ಸೇರಿದರೆ ಮೊತ್ತ ಸರಿಯಾಗಿಯೇ ಕಾಣಬಹುದು, ಅದನ್ನು ನಂಬಬೇಡಿ. ವಾಚಿನ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗನ್ನು ‘ಪ್ರತಿ ಸೆಕೆಂಡಿಗೆ’ ಎಂದು ಬದಲಾಯಿಸಿ. ಇದಕ್ಕೆ ದುಡ್ಡು ಬೇಕಿಲ್ಲ.

ಇನ್ನು 91 ಕಿಲೋಮೀಟರ್ ವೇಗ. ನಿಮ್ಮ ದಾರಿಯಲ್ಲಿ ಅದು ಎಲ್ಲಿ ಆಗಿರಬಹುದು ಎಂದು ನಾನು ಇಲ್ಲಿ ಕೂತೇ ಹೇಳಬಲ್ಲೆ. ಜೆಜೆ ಫ್ಲೈಓವರ್ ಮೇಲೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ, ಹಾಗಾಗಿ ನೀವು ಅದರ ಕೆಳಗಿನ ಮೊಹಮ್ಮದ್ ಅಲಿ ರೋಡಿನಲ್ಲೇ ಹೋಗುತ್ತೀರಿ. ತಲೆಯ ಮೇಲೆ ಎರಡೂವರೆ ಕಿಲೋಮೀಟರಿನಷ್ಟು ಉದ್ದದ ಕಾಂಕ್ರೀಟ್ ಮಾಡು, ಪಕ್ಕದಲ್ಲಿ ನಾಲ್ಕೈದು ಮಹಡಿಯ ಹಳೆಯ ಚಾಳುಗಳ ಸಾಲು. ಮಾಡಿನ ಅಂಚಿಗೂ ಚಾಳಿನ ತಾರಸಿಗೂ ನಡುವೆ ಪಂಚೆಯ ಅಂಚಿನ ಹಾಗೆ ಒಂದು ಪಟ್ಟಿ ಆಕಾಶ, ಅಷ್ಟೇ. ಆ ಪಟ್ಟಿಯಲ್ಲಿ ಒಮ್ಮೆ ಎರಡು ಉಪಗ್ರಹ ಕಂಡರೆ ಹೆಚ್ಚು. ನಿಮ್ಮ ವೇಗದಲ್ಲಿ ಆರು ನಿಮಿಷದ ದಾರಿ ಅದು. ಅಷ್ಟು ಹೊತ್ತೂ ವಾಚ್ ಹಿಂದಿನ ವೇಗ, ದಿಕ್ಕು ಇಟ್ಟುಕೊಂಡು ‘ಇಲ್ಲಿರಬಹುದು’ ಎಂದು ಅಂದಾಜಿಸುತ್ತಾ, ನಡುನಡುವೆ ಗೋಡೆಗೆ ಬಡಿದು ಬಂದ ಸಿಗ್ನಲ್ಲನ್ನೂ ನಂಬುತ್ತಾ ಸಾಗುತ್ತದೆ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೊರಬರುತ್ತಿದ್ದಂತೆ ಆಕಾಶ ತೆರೆಯುತ್ತದೆ, ಉಪಗ್ರಹಗಳು ಒಟ್ಟಿಗೆ ಸಿಗುತ್ತವೆ, ತಾನು ಅಂದುಕೊಂಡ ಜಾಗಕ್ಕಿಂತ ನೀವು 50 ಮೀಟರ್ ಮುಂದಿದ್ದೀರಿ ಎಂದು ಅದಕ್ಕೆ ಗೊತ್ತಾಗುತ್ತದೆ. ಎರಡು ಸೆಕೆಂಡಿನಲ್ಲಿ ಚುಕ್ಕಿ 50 ಮೀಟರ್ ಜಿಗಿದರೆ ಗಂಟೆಗೆ 90 ಕಿಲೋಮೀಟರ್ ಆಗಲೇಬೇಕು. ನಿಮ್ಮ ಫೈಲಿನ ವೇಗದ ಗೆರೆಯಲ್ಲಿ ಆ ಸೂಜಿಮೊನೆ ಎಲ್ಲಿದೆ ನೋಡಿ. ಬಹುಶಃ ಒಂದಲ್ಲ, ಹೋಗುವಾಗೊಂದು ಬರುವಾಗೊಂದು ಎರಡು ಸಿಗುತ್ತವೆ.

ಭಾಂಡುಪ್, ಮುಲುಂಡ್ ಕಡೆ ಎಲ್‌ಬಿಎಸ್ ಮಾರ್ಗದ ಮೇಲೆ ಮೆಟ್ರೋ 4ರ ತೊಲೆಗಳು ಬಂದ ಮೇಲೆ ಅಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ಕತೆ. ಸೈಕಲ್ ನಿಂತಾಗ ತಾನೇ ಲೆಕ್ಕ ನಿಲ್ಲಿಸುವ ‘ಆಟೋ ಪಾಸ್’ ಹಾಕಿಟ್ಟಿದ್ದರೆ ಇಂಥ ಕಡೆ ಇನ್ನೊಂದು ತೊಂದರೆ: ವಾಚಿಗೆ ನೀವು ನಿಂತ ಹಾಗೆ ಕಂಡು ಅದು ಲೆಕ್ಕ ನಿಲ್ಲಿಸುತ್ತದೆ, ಮತ್ತೆ ಎಚ್ಚರವಾಗುವಷ್ಟರಲ್ಲಿ 100 ಮೀಟರ್ ಹೋಗಿರುತ್ತದೆ. ನಗರದ ಸವಾರಿಗೆ ಆಟೋ ಪಾಸ್ ತೆಗೆದಿಡಿ. ತಿಂಡಿಗೆ ನಿಂತಾಗ ಕೈಯಾರೆ ಗುಂಡಿ ಒತ್ತಿ ನಿಲ್ಲಿಸಿ, ಹೊರಡುವಾಗ ಮರೆಯದೆ ಮತ್ತೆ ಒತ್ತಿ.

ಗೋಡೆಗೆ ಬಡಿದು ಬಂದ ಸಿಗ್ನಲ್ ಅಂದೆನಲ್ಲ, ಉಪಗ್ರಹ ಮರೆಯಾಗುವುದಕ್ಕಿಂತ ಅದು ಹೆಚ್ಚು ಅಪಾಯದ್ದು. ಸಿಗ್ನಲ್ ಇಲ್ಲದಿದ್ದರೆ ವಾಚಿಗೆ ಇಲ್ಲ ಎಂದಾದರೂ ಗೊತ್ತಿರುತ್ತದೆ. ಸುಳ್ಳು ದಾರಿಯಲ್ಲಿ ಬಂದ ಸಿಗ್ನಲ್ಲನ್ನು ಅದು ನಿಜವೆಂದೇ ಎಣಿಸುತ್ತದೆ. ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಒಮ್ಮೆ ಗಾಜಿನ ಮುಖದ ಕಟ್ಟಡದ ಪಕ್ಕ ಟ್ರೈಪಾಡ್ ಊರಿ ರಿಸೀವರ್ ಇಟ್ಟಿದ್ದೆವು. ಲಕ್ಷಗಟ್ಟಲೆ ಬೆಲೆಯ ಯಂತ್ರ, ಮೇಲೆ ಅರ್ಧ ಆಕಾಶ ತೆರೆದೇ ಇತ್ತು, ಆದರೂ ಅಂಕಿ ಹತ್ತು ನಿಮಿಷಕ್ಕೊಂದು ಮಾತಾಡುತ್ತಿತ್ತು. ಟ್ರೈಪಾಡನ್ನು ಎದುರಿನ ಖಾಲಿ ಜಾಗಕ್ಕೆ, ನಲವತ್ತು ಹೆಜ್ಜೆ ಆಚೆಗೆ ಒಯ್ದೆವು. ಅಂಕಿ ನಿಂತಿತು. ಯಂತ್ರ ಅದೇ, ಉಪಗ್ರಹಗಳೂ ಅವೇ.

ಎರಡು ಫ್ರೀಕ್ವೆನ್ಸಿಯ ವಾಚ್ ಗೆಲ್ಲುವುದು ಇಲ್ಲಿ, ಮಗ ಹೇಳಿದ್ದರಲ್ಲಿ ಹುರುಳಿದೆ. ದೇವಸ್ಥಾನದ ಕಲ್ಲಿನ ಮಂಟಪದಲ್ಲಿ ನಿಂತು ‘ಓಂ’ ಎಂದು ಎಳೆದರೆ ದನಿಯೂ ಪ್ರತಿಧ್ವನಿಯೂ ಒಂದರೊಳಗೊಂದು ಬೆರೆತುಹೋಗುತ್ತವೆ. ‘ಟಕ್’ ಎಂದು ಚಪ್ಪಾಳೆ ಹೊಡೆದರೆ ಎರಡನೇ ಟಕ್ ಬೇರೆಯಾಗಿಯೇ ಕೇಳುತ್ತದೆ. ಎರಡು ಫ್ರೀಕ್ವೆನ್ಸಿಯ ವಾಚ್ ಎರಡು ಬಗೆಯ ಸಿಗ್ನಲ್ ಕೇಳುತ್ತದೆ. ಹಳೆಯ ಎಲ್1 ಸಿಗ್ನಲ್ಲಿನ ಒಂದೊಂದು ಮಿಡಿತದ ಉದ್ದ ಸುಮಾರು 293 ಮೀಟರ್. ಎಲ್5 ಎಂಬ ಹೊಸ ಸಿಗ್ನಲ್ಲಿನದು ಅದರ ಹತ್ತನೇ ಒಂದು ಪಾಲು, 29 ಮೀಟರ್. ಹಾಗಾಗಿ ಎದುರಿನ ಕಟ್ಟಡಕ್ಕೆ ಬಡಿದು 40 ಮೀಟರ್ ಹೆಚ್ಚು ಸುತ್ತಿ ಬಂದದ್ದನ್ನು ಎಲ್5 ‘ಇದು ಪ್ರತಿಧ್ವನಿ’ ಎಂದು ಬೇರ್ಪಡಿಸಬಲ್ಲದು, ಎಲ್1ಗೆ ಅದು ಕಷ್ಟ. ಫೋರ್ಟ್, ಪರೇಲ್, ಲೋವರ್ ಪರೇಲ್ ಬೀದಿಗಳಲ್ಲಿ ಗೆರೆ ಕಣ್ಣಿಗೆ ಕಾಣುವಷ್ಟು ಚೆನ್ನಾಗುತ್ತದೆ. ಆದರೆ ಮೊಹಮ್ಮದ್ ಅಲಿ ರೋಡಿನ ಕಾಂಕ್ರೀಟ್ ಮಾಡನ್ನು ಎಲ್5 ಕೂಡ ತೂರಿ ಬರುವುದಿಲ್ಲ. ನಿಮ್ಮ ದೂರುಗಳಲ್ಲಿ ದೊಡ್ಡದು ದೂರ. ಅದಕ್ಕೆ 45 ಸಾವಿರದ ಮದ್ದು ಅರೆಬರೆ, ಎರಡು ಮೂರು ಸಾವಿರದ ಸ್ಪೀಡ್ ಸೆನ್ಸರಿನ ಮದ್ದು ಪೂರ್ತಿ.

ಹೊಸದು ಕೊಳ್ಳುವ ಮೊದಲು ಈಗಿರುವ ವಾಚಿನಲ್ಲೇ ‘ಎಲ್ಲ ಉಪಗ್ರಹ ವ್ಯವಸ್ಥೆ’ ಆಯ್ಕೆ ಇದೆಯೇ ನೋಡಿ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೂ ಸೇರಿದರೆ ಭೂಮಿ ಸುತ್ತುವ ಉಪಗ್ರಹಗಳು ನೂರಕ್ಕೂ ಹೆಚ್ಚು. ಎರಡು ಕಟ್ಟಡಗಳ ನಡುವಿನ ಸೀಳಿನಲ್ಲಿ ಒಂದರ ಬದಲು ಮೂರು ಕಂಡರೆ ಅಷ್ಟೂ ಲಾಭ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳು ಭೂಸ್ಥಿರ ಮತ್ತು ಭೂಸಮಕಾಲಿಕ ಕಕ್ಷೆಗಳಲ್ಲಿದ್ದು ಸದಾ ನಮ್ಮ ಆಕಾಶದ ಆಸುಪಾಸಿನಲ್ಲೇ ಇರುತ್ತವೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ ಎಲ್1 ಸಿಗ್ನಲ್ಲೂ ಸೇರಿದ್ದು ವಾಚಿನಂಥ ಸಣ್ಣ ಯಂತ್ರಗಳಿಗೆ ಅನುಕೂಲ. ಎಲ್ಲ ವಾಚ್‌ಗಳೂ ಅದನ್ನು ಕೇಳಿಸಿಕೊಳ್ಳುವ ದಿನ ಬರಲಿ ಎಂಬುದು ನನ್ನ ದೊಡ್ಡ ಆಸೆ.

ಸಮುದ್ರದೊಳಗಿನ ಗೆರೆಗೆ ಬರೋಣ. ನರಿಮನ್ ಪಾಯಿಂಟಿನ ಎತ್ತರದ ಕಟ್ಟಡಗಳ ನಡುವೆ ಹೊತ್ತುಕೊಂಡ ತಪ್ಪನ್ನು ವಾಚ್ ತಕ್ಷಣ ಇಳಿಸುವುದಿಲ್ಲ. ಗೆರೆ ನಯವಾಗಿರಲಿ ಎಂದು ಹಳೆಯ ಚುಕ್ಕಿಗಳಿಗೂ ಒಂದಿಷ್ಟು ಬೆಲೆ ಕೊಡುತ್ತದೆ, ಹಾಗಾಗಿ ತೆರೆದ ಮರೀನ್ ಡ್ರೈವಿಗೆ ಬಂದ ಮೇಲೂ ಒಂದಷ್ಟು ದೂರ ಪಕ್ಕಕ್ಕೆ ಸರಿದೇ ಓಡಿ ಆಮೇಲೆ ರಸ್ತೆಗೆ ಮರಳುತ್ತದೆ. ನಿಮ್ಮ ಗೆರೆ ಚೌಪಾಟಿ ತಲುಪುವಷ್ಟರಲ್ಲಿ ದಂಡೆಗೆ ಬಂದಿದ್ದರೆ ಕಾರಣ ಇದೇ. ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ: ಹಾಜಿ ಅಲಿ, ವರ್ಲಿ ಕಡೆ ಗೆರೆ ನೀರಿನ ಮೇಲೆ ಕಂಡರೆ ವಾಚನ್ನು ಬೈಯುವ ಮೊದಲು ನಕ್ಷೆ ಎಷ್ಟು ಹಳೆಯದು ನೋಡಿ. ಕೋಸ್ಟಲ್ ರೋಡಿಗಾಗಿ ಅಲ್ಲಿ ಸಮುದ್ರ ತುಂಬಿಸಿ ನೆಲ ಮಾಡಿದ್ದಾರೆ.

ಈಗ ಮದ್ದು. ಸ್ಪೀಡ್ ಸೆನ್ಸರ್ ಎರಡು ಸಾವಿರದ ಆಸುಪಾಸಿನಿಂದ ಸಿಗುತ್ತದೆ. ಅಂಗಡಿಗೆ ಹೋಗುವ ಮುಂಚೆ ವಾಚಿನ ಸೆಟ್ಟಿಂಗ್‌ನಲ್ಲಿ ‘ಸೆನ್ಸರ್’ ಎಂಬ ಜಾಗ ಇದೆಯೇ, ಅದು ಬ್ಲೂಟೂತ್ ಕೇಳುತ್ತದೋ ಆಂಟ್ ಪ್ಲಸ್ ಎಂಬ ಇನ್ನೊಂದು ವೈರ್‌ಲೆಸ್ ಸಂಪರ್ಕ ಕೇಳುತ್ತದೋ ನೋಡಿಕೊಳ್ಳಿ. ಈಗಿನವು ಆಯಸ್ಕಾಂತವಿಲ್ಲದೆ ಚಕ್ರದ ನಡುವಿನ ಹಬ್‌ಗೆ ರಬ್ಬರಿನಿಂದ ಬಿಗಿಯುವಂಥವು, ಒಳಗೆ ಒಂದು ಬಟನ್ ಸೆಲ್. ಜೋಡಿಸುವುದು ಎರಡು ನಿಮಿಷದ ಕೆಲಸ. ಹೆಚ್ಚಿನವರು ಎಡವುವುದು ಚಕ್ರದ ಸುತ್ತಳತೆಯಲ್ಲಿ. ಟೈರಿನ ಮೇಲಿನ ಅಂಕಿ ನೋಡಿ ಕೋಷ್ಟಕದಿಂದ ತುಂಬುತ್ತಾರೆ: 700-25ಕ್ಕೆ 2105 ಮಿಲಿಮೀಟರ್, 700-28ಕ್ಕೆ 2136, 700-32ಕ್ಕೆ 2155. ಪರವಾಗಿಲ್ಲ, ಆದರೆ ಒಮ್ಮೆ ನಿಮ್ಮ ಚಕ್ರವನ್ನೇ ಅಳೆದು ನೋಡಿ ಅನ್ನುತ್ತೇನೆ. ಸವಾರಿಗೆ ಹಾಕುವಷ್ಟೇ ಗಾಳಿ ತುಂಬಿಸಿ. ಕಟ್ಟಡದ ಕೆಳಗಿನ ಸಮತಟ್ಟಾದ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಟ್ಯೂಬಿನ ವಾಲ್ವ್ ಸರಿಯಾಗಿ ಗೆರೆಯ ಮೇಲೆ ಬರುವಂತೆ ಚಕ್ರ ನಿಲ್ಲಿಸಿ. ನೀವು ಸೀಟಿನ ಮೇಲೆ ಕೂತಿರಬೇಕು, ಏಕೆಂದರೆ ನಿಮ್ಮ ಭಾರಕ್ಕೆ ಟೈರ್ ಅಮುಕುತ್ತದೆ, ಸುತ್ತಳತೆ ಕುಗ್ಗುತ್ತದೆ. ಮಗ ಹಿಂದಿನಿಂದ ಹಿಡಿದುಕೊಳ್ಳಲಿ. ನೇರವಾಗಿ ಐದು ಸುತ್ತು ಮುಂದೆ ಉರುಳಿಸಿ, ವಾಲ್ವ್ ಮತ್ತೆ ನೆಲಕ್ಕೆ ಬಂದ ಕಡೆ ಗುರುತು ಹಾಕಿ, ಟೇಪ್ ಹಿಡಿದು ಅಳೆದು ಐದರಿಂದ ಭಾಗಿಸಿ. ಒಂದು ಸುತ್ತಿಗೆ 40 ಮಿಲಿಮೀಟರ್ ತಪ್ಪು ತುಂಬಿದರೂ 70 ಕಿಲೋಮೀಟರಿನಲ್ಲಿ 1.3 ಕಿಲೋಮೀಟರ್ ತಪ್ಪುತ್ತದೆ, ಹಾಗಾಗಿ ಈ ಹತ್ತು ನಿಮಿಷ ದಂಡವಲ್ಲ.

ಕೆಲವು ವಾಚ್‌ಗಳು ಜಿಪಿಎಸ್ ನೋಡಿ ಸುತ್ತಳತೆಯನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅದನ್ನು ಎಲ್‌ಬಿಎಸ್ ಮಾರ್ಗದಲ್ಲಿ ಮಾಡಲು ಬಿಡಬೇಡಿ, ಕೆಟ್ಟ ಅಳತೆಯಿಂದ ಒಳ್ಳೆಯ ಅಳತೆಯನ್ನು ತಿದ್ದಿದ ಹಾಗಾಗುತ್ತದೆ. ಬೇಕಿದ್ದರೆ ನವಿ ಮುಂಬೈಯ ಪಾಮ್ ಬೀಚ್ ರಸ್ತೆಗೆ ಹೋಗಿ ಮಾಡಿ. ಒಂದು ಕಡೆ ಖಾಡಿ, ಕಾಂಡ್ಲಾ ಗಿಡ, ತಲೆಯ ಮೇಲೆ ಧಾರಾಳ ಆಕಾಶ. ಹಾಗೆಯೇ, ರೈಡನ್ನು ಆ್ಯಪಿಗೆ ಏರಿಸಿದ ಮೇಲೆ ‘ದೂರ ಸರಿಪಡಿಸು’ ಎಂಬ ಗುಂಡಿ ಕಂಡರೆ ಮುಟ್ಟಬೇಡಿ. ಅದು ಚಕ್ರ ಕೊಟ್ಟ ದೂರವನ್ನು ಎಸೆದು ಜಿಪಿಎಸ್ ಚುಕ್ಕಿಗಳಿಂದ ಮತ್ತೆ ಲೆಕ್ಕ ಹಾಕುವ ಗುಂಡಿ. ಫೈಲನ್ನು ಗೆಳೆಯರಿಗೆ ಕಳಿಸುವಾಗಲೂ ವಾಚ್ ಬರೆದ ಮೂಲ ಫಿಟ್ (.fit) ಫೈಲೇ ಕಳಿಸಿ. ಅದನ್ನು ಜಿಪಿಎಕ್ಸ್ (.gpx) ನಮೂನೆಗೆ ಬದಲಿಸಿದರೆ ಸಾಮಾನ್ಯವಾಗಿ ಚುಕ್ಕಿಗಳು ಉಳಿಯುತ್ತವೆ, ಚಕ್ರದ ಲೆಕ್ಕ ಉದುರಿಹೋಗುತ್ತದೆ.

ಎತ್ತರದ ವಿಷಯ ನನಗೆ ತುಂಬ ಪ್ರಿಯವಾದದ್ದು, ಸ್ವಲ್ಪ ಸಹಿಸಿಕೊಳ್ಳಿ. 540 ಮೀಟರ್ ನೋಡಿದರೆ ನಿಮ್ಮ ವಾಚಿನಲ್ಲಿ ಬಹುತೇಕ ಬ್ಯಾರೋಮೀಟರ್ ಇಲ್ಲ. ದಾರಿಯ ಫ್ಲೈಓವರ್ ಏರಿಳಿತಗಳನ್ನೆಲ್ಲ ಕೂಡಿಸಿದರೂ ಅದರ ಅರ್ಧ ಆದರೆ ಹೆಚ್ಚು. ಉಪಗ್ರಹಗಳೆಲ್ಲ ನಮ್ಮ ಮೇಲಿವೆ, ಕಾಲಡಿಯಲ್ಲಿ ಒಂದೂ ಇಲ್ಲ. ಪೂರ್ವದ ತಪ್ಪನ್ನು ಪಶ್ಚಿಮದ ಉಪಗ್ರಹ ತಿದ್ದುತ್ತದೆ, ಮೇಲಿನದ್ದನ್ನು ಕೆಳಗಿನಿಂದ ತಿದ್ದುವವರಿಲ್ಲ. ಹಾಗಾಗಿ ಜಿಪಿಎಸ್ಸಿನ ಎತ್ತರ ಯಾವಾಗಲೂ ಅದರ ಜಾಗಕ್ಕಿಂತ ಹೆಚ್ಚು ಅಲುಗಾಡುತ್ತದೆ, ವಾಚ್ ಆ ಅಲುಗಾಟವನ್ನೆಲ್ಲ ಏರು ಎಂದು ಎಣಿಸುತ್ತದೆ. ಫೋನಿನ ಕೆಲವು ಆ್ಯಪ್‌ಗಳಂತೂ ಮರೀನ್ ಡ್ರೈವಿನ ಕಟ್ಟೆಯ ಮೇಲೆ ನಿಂತರೆ ಮೈನಸ್ 60ರ ಹತ್ತಿರ ತೋರಿಸುತ್ತವೆ. ಅದು ಹುಚ್ಚಲ್ಲ: ಜಿಪಿಎಸ್ ಅಳೆಯುವುದು ಗಣಿತದ ನುಣುಪು ಭೂಮಿಯಿಂದ, ನಿಜವಾದ ಸಮುದ್ರ ಮಟ್ಟ ನಮ್ಮ ಕಡೆ ಅದಕ್ಕಿಂತ ಅಷ್ಟು ಕೆಳಗಿದೆ. ಇಲ್ಲಿಂದ ದಕ್ಷಿಣಕ್ಕೆ, ಶ್ರೀಲಂಕಾದ ಕೆಳಗಿನ ಹಿಂದೂ ಮಹಾಸಾಗರದ ಕಡೆ ಹೋದಂತೆ ಈ ಅಂತರ 106 ಮೀಟರ್ ತನಕ ಮುಟ್ಟುತ್ತದೆ. ವಾಚ್‌ಗಳು ಈ ತಿದ್ದುಪಡಿ ಮಾಡಿಕೊಂಡೇ ಅಂಕಿ ತೋರಿಸುತ್ತವೆ.

ಬ್ಯಾರೋಮೀಟರ್ ಇರುವ ವಾಚ್ ಗಾಳಿಯ ಒತ್ತಡದಿಂದ ಎತ್ತರ ತಿಳಿಯುತ್ತದೆ. ಒಂದು ಮಿಲಿಬಾರ್ ಇಳಿದರೆ ಸುಮಾರು ಎಂಟೂವರೆ ಮೀಟರ್ ಏರಿದ ಲೆಕ್ಕ. ಏರಿಳಿತಕ್ಕೆ ಇದು ಜಿಪಿಎಸ್ಸಿಗಿಂತ ಎಷ್ಟೋ ಮೇಲು. ಆದರೆ ನಮ್ಮ ಉಷ್ಣವಲಯದ ಗಾಳಿಗೆ ಸಮುದ್ರದ ಹಾಗೆ ಉಬ್ಬರವಿಳಿತವಿದೆ: ಬೆಳಗಿನ ಜಾವ ನಾಲ್ಕರ ಸುಮಾರಿಗೆ ಒತ್ತಡ ಕನಿಷ್ಠ, ಹತ್ತರ ಹೊತ್ತಿಗೆ ಗರಿಷ್ಠ, ನಡುವೆ ಎರಡು ಮೂರು ಮಿಲಿಬಾರ್ ವ್ಯತ್ಯಾಸ. ನೀವು ಹೊರಡುವುದೇ ನಾಲ್ಕೂವರೆಗೆ. ಅಂಥ ವಾಚ್ ಕಟ್ಟಿಕೊಂಡು ಹೊರಟು ಇಡ್ಲಿ ತಿಂದು ಒಂಬತ್ತೂವರೆಗೆ ಮನೆಗೆ ಬಂದರೆ, ನಿಮ್ಮದೇ ಗೇಟು ಬೆಳಗ್ಗೆಗಿಂತ ಇಪ್ಪತ್ತು ಮೀಟರ್ ತಗ್ಗಿನಲ್ಲಿದೆ ಎಂದು ಅದು ಹೇಳಬಹುದು. ಆ ಅಂಕಿ ನೋಡಿ ವಾಚ್ ಕೆಟ್ಟಿದೆ ಎಂದುಕೊಂಡವರು ನನಗೆ ಗೊತ್ತು. ಅದು ಗಾಳಿಯ ಭಾರವನ್ನು ಸರಿಯಾಗಿಯೇ ತೂಗಿತ್ತು. ಹೊರಡುವ ಮುಂಚೆ ಗೊತ್ತಿರುವ ಎತ್ತರಕ್ಕೆ ಹೊಂದಿಸಿಕೊಳ್ಳಬೇಕು. ದೂರದ ರೈಲು ನಿಲ್ಲುವ ನಿಲ್ದಾಣಗಳ ಹಳದಿ ಫಲಕದ ಕೆಳಗೆ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದೆ, ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಮಳೆಗಾಲದಲ್ಲಿ ವಾಚಿನ ಬದಿಯ ಸಣ್ಣ ತೂತುಗಳಲ್ಲಿ ನೀರು ನಿಂತರೆ, ಬೆವರಿನ ಉಪ್ಪು ಕಟ್ಟಿದರೆ ಎತ್ತರ ಒಮ್ಮೆಲೇ ಜಿಗಿಯುತ್ತದೆ. ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಪಿನ್ನು ಹಾಕಿ ಚುಚ್ಚಬೇಡಿ.

ಬ್ಯಾರೋಮೀಟರ್ ಇಲ್ಲದ ನಿಮಗೆ ಆ್ಯಪಿನ ‘ಎತ್ತರ ಸರಿಪಡಿಸು’ ಗುಂಡಿ ಉಪಯೋಗಕ್ಕೆ ಬರುತ್ತದೆ. ಅದು ನಿಮ್ಮ ಗೆರೆಯನ್ನು ನೆಲದ ಎತ್ತರದ ನಕ್ಷೆಯ ಮೇಲಿಟ್ಟು ಹೊಸ ಅಂಕಿ ಕೊಡುತ್ತದೆ. ಮುಂಬೈಗೆ ಸಾಕು. ಪುಣೆ ಕಡೆ ಕಾತ್ರಜ್‌ನ ಹಳೆಯ ಘಾಟಿಗೆ ಹೋದಾಗ ಮಾತ್ರ ಎಚ್ಚರ. ಅಲ್ಲಿ ನೀವು ಸುರಂಗದೊಳಗೆ ಹೋಗಿರುತ್ತೀರಿ, ನಕ್ಷೆ ನಿಮ್ಮನ್ನು ಗುಡ್ಡದ ನೆತ್ತಿಗೆ ಹತ್ತಿಸಿ ಇಳಿಸುತ್ತದೆ.

ಕೆಲವು ಸಣ್ಣ ಸಂಗತಿಗಳು. ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ನಿಂತು ಸ್ಟಾರ್ಟ್ ಒತ್ತಬೇಡಿ. ಪ್ರತಿ ಉಪಗ್ರಹದ ಪಥದ ವಿವರವನ್ನು ವಾಚ್ ಕಡಿಯದೆ ಅರ್ಧ ನಿಮಿಷ ಕೇಳಬೇಕು, ಅದೂ ತೆರೆದ ಜಾಗದಲ್ಲಿ. ರಾತ್ರಿಯೇ ವಾಚನ್ನು ಫೋನಿಗೆ ಸಿಂಕ್ ಮಾಡಿಟ್ಟರೆ ಆ ವಿವರ ಮೊದಲೇ ಇಳಿದಿರುತ್ತದೆ. ವಾಚಿನಲ್ಲಿ ಜಿಪಿಎಸ್ ಸಿಕ್ಕಿತೆಂಬ ಹಸಿರು ಬಂದ ತಕ್ಷಣ ಹೊರಡದೆ ಗೆಳೆಯರು ಸೇರುವ ತನಕ ರಸ್ತೆಯಲ್ಲಿ ಒಂದೆರಡು ನಿಮಿಷ ನಿಲ್ಲಿ, ಹಸಿರು ಅಂದರೆ ಲೆಕ್ಕಕ್ಕೆ ಬೇಕಾದಷ್ಟು ಮಾತ್ರ ಸಿಕ್ಕಿವೆ ಎಂದರ್ಥ. ಎರಡನೆಯದು, ವಾಚಿನ ಜಾಗ. ಬ್ರೇಕ್ ಲಿವರಿನ ಉಬ್ಬಿದ ತಲೆಯ ಮೇಲೆ ಕೈಯಿಟ್ಟಾಗ ಎಡಗೈಯ ವಾಚಿನ ಮುಖ ಆಕಾಶ ನೋಡುವುದಿಲ್ಲ, ಎಡಕ್ಕೆ ತಿರುಗಿರುತ್ತದೆ. ನಾವು ಹೋಗುವುದು ರಸ್ತೆಯ ಎಡ ಅಂಚಿನಲ್ಲಿ, ಅಂದರೆ ಅದು ನೋಡುವುದು ಕಟ್ಟಡಗಳ ಗೋಡೆಯನ್ನು. ಬಲಕ್ಕೆ ನಿಮ್ಮ ಮೈ ಇದೆ, ಮೈಯೆಲ್ಲ ನೀರು, ಆ ಸಿಗ್ನಲ್ಲನ್ನು ಕುಡಿದುಬಿಡುತ್ತದೆ. ರಬ್ಬರಿನ ಹಿಡಿಕೆ ಕೊಂಡು ವಾಚನ್ನು ಹ್ಯಾಂಡಲ್ಲಿಗೆ ಕಟ್ಟಿ. ಎದೆಬಡಿತ ಬೇಕಿದ್ದರೆ ಎದೆಪಟ್ಟಿ ಹಾಕಿಕೊಳ್ಳಬೇಕಾಗುತ್ತದೆ, ಸವಾರಿಗೆ ಅದೇ ಹೆಚ್ಚು ನಂಬಿಕೆಯದ್ದು. ಮಳೆಯಿಂದ ಜಿಪಿಎಸ್ ಕೆಡುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಮೋಡ, ಮಳೆಹನಿ ಈ ಸಿಗ್ನಲ್ಲಿಗೆ ಲೆಕ್ಕಕ್ಕೇ ಇಲ್ಲ. ಆರೆ ಕಾಲೋನಿಯ ಒದ್ದೆ ಎಲೆಗಳ ಚಪ್ಪರ ಇದೆಯಲ್ಲ, ತಡೆಯುವುದು ಅದು. ಸಂಜೆ ಸವಾರರಿಗೆ ಒಂದು ಮಾತು: ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲವು ಗಂಟೆ ನಮ್ಮ ಅಕ್ಷಾಂಶದ ಮೇಲಿನ ಅಯಾನುಗೋಳ (ವಾತಾವರಣದ ತುದಿಯ, ವಿದ್ಯುತ್ ಕಣಗಳ ಪದರ) ಕದಡಿರುತ್ತದೆ, ಸಿಗ್ನಲ್ ನಡುಗುತ್ತದೆ. ನಿಮ್ಮ ಬೆಳಗಿನ ಜಾವಕ್ಕೆ ಆ ಕಾಟವಿಲ್ಲ.

ಬ್ರೆವೆಗೆ ಸೆನ್ಸರ್ ಇನ್ನೂ ಮುಖ್ಯ. ‘63.4 ಕಿಲೋಮೀಟರಿಗೆ ಎಡಕ್ಕೆ’ ಎಂಬಂಥ ದಾರಿಚೀಟಿ ಕೈಯಲ್ಲಿರುವಾಗ ನಿಮ್ಮ ಅಂಕಿ ಎರಡು ಕಿಲೋಮೀಟರ್ ಮುಂದಿದ್ದರೆ ಕತ್ತಲಲ್ಲಿ ತಿರುವು ಹುಡುಕುತ್ತಾ ಕಂಗಾಲಾಗುತ್ತೀರಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಸಮಯ ಇದೆ, ಅಷ್ಟೂ ಹೊತ್ತು ಬ್ಯಾಟರಿ ನಿಲ್ಲಬೇಕು. ಡಬ್ಬದ ಮೇಲೆ ಬರೆದ ಗಂಟೆಗಳನ್ನು ಬಿಟ್ಟು ಮುಂದಿನ ಭಾನುವಾರದ ಸವಾರಿಯಲ್ಲೇ ಅಳೆಯಿರಿ. ಐದು ಗಂಟೆಗೆ ನೂರಕ್ಕೆ 35 ಇಳಿದರೆ ಹದಿಮೂರೂವರೆಗೆ 94 ಇಳಿಯುತ್ತದೆ, ಅದು ತೀರಾ ಅಂಚು. ಹೆದ್ದಾರಿಯಲ್ಲಿ ಆಕಾಶ ತೆರೆದಿರುತ್ತದೆ, ಅಲ್ಲಿ ಬರೀ ಜಿಪಿಎಸ್ ಸಾಕು, ಎಲ್ಲ ವ್ಯವಸ್ಥೆಗಳನ್ನೂ ಹಾಕುವುದು ಬೇಡ. ಪರದೆಯ ಬೆಳಕು ತಗ್ಗಿಸಿ. ಆದರೆ ನಿಮಿಷಕ್ಕೊಂದು ಚುಕ್ಕಿ ಇಡುವ ಬ್ಯಾಟರಿ ಉಳಿತಾಯದ ಮೋಡ್‌ಗೆ ಹೋಗಬೇಡಿ, ನಿಮ್ಮ ವೇಗದಲ್ಲಿ ಒಂದು ಚುಕ್ಕಿಗೂ ಇನ್ನೊಂದಕ್ಕೂ 400 ಮೀಟರ್ ಅಂತರವಾಗುತ್ತದೆ. ಚಾರ್ಜಿಗೆ ಹಾಕಿದಾಗ ರೈಡ್ ರೆಕಾರ್ಡಿಂಗ್ ಮುಂದುವರಿಯುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ನಿಂತುಹೋಗುವ ವಾಚಾದರೆ ಊಟಕ್ಕೆ ನಿಂತಲ್ಲಿ ಸೇವ್ ಮಾಡಿ, ಚಾರ್ಜ್ ಮಾಡಿ, ಹೊಸ ರೈಡ್ ಶುರು ಮಾಡಿ.

ಇಷ್ಟೆಲ್ಲ ಮಾಡಿಯೂ ವಾಚ್ ನಿಜಕ್ಕೂ ಕೆಟ್ಟಿರಬಹುದೇ ಎಂಬ ಸಂಶಯ ಉಳಿದರೆ ಒಂದು ಪರೀಕ್ಷೆ ಇದೆ. ಬೆಳಗ್ಗೆ ಸುತ್ತ ಎತ್ತರದ ಕಟ್ಟಡ, ಮರ ಇಲ್ಲದ ಮೈದಾನದ ನಡುವೆ ವಾಚನ್ನು ಮುಖ ಮೇಲಾಗಿ ಒಂದು ಸ್ಟೂಲಿನ ಮೇಲಿಡಿ. ಆಟೋ ಪಾಸ್ ತೆಗೆದು, ಸೈಕಲ್ ರೈಡ್ ಎಂದು ಆರಿಸಿ, ಅರ್ಧ ಗಂಟೆ ಓಡಲು ಬಿಡಿ, ಯಾರೂ ಮುಟ್ಟಬಾರದು. ಆಮೇಲೆ ಗೆರೆ ನೋಡಿ. ಐದಾರು ಮೀಟರಿನೊಳಗೆ ಗಂಟು ಕಟ್ಟಿದ್ದರೆ ವಾಚ್ ಆರೋಗ್ಯವಾಗಿದೆ. ಅಂಥ ಬಯಲಿನಲ್ಲೂ ಚುಕ್ಕಿಗಳು ಮೂವತ್ತು ನಲವತ್ತು ಮೀಟರ್ ಆಚೆಗೆ ಹಾರಿದ್ದರೆ ಆಂಟೆನಾದಲ್ಲಿ ದೋಷವಿದೆ. ಆಗ ಆ ಫೈಲನ್ನೇ ಅಂಗಡಿಯವರ ಮುಂದಿಟ್ಟು, ವಾರಂಟಿ ಮುಗಿಯುವ ಮೊದಲೇ ಬದಲಿ ಕೇಳಿ.